ಹಳೆ ಸರ್ವರ್‌ನಿಂದ ಹೊಸದಕ್ಕೆ ಪಾರ್ಟಿ ಲಿಸ್ಟ್: ಯಾವ ದಾರಿ ಯಾರಿಗೆ?

ದಾವಣಗೆರೆಯಲ್ಲಿ ಪಂಪ್‌ಸೆಟ್ ಬಿಡಿಭಾಗ ಮಾರುವ ಒಂದು ಅಂಗಡಿ. ಮುಂದೆ ಕೌಂಟರ್, ಹಿಂದೆ ಗೋಡೌನ್, ಮಹಡಿ ಮೇಲೆ ಆಫೀಸು. ಆಫೀಸಿನಲ್ಲಿ ಏಳು ಕಂಪ್ಯೂಟರ್. ಮೂಲೆಯಲ್ಲಿ, ನೀರಿನ ಕ್ಯಾನ್ ಪಕ್ಕ, ಒಂದು ಕಪ್ಪು ಡಬ್ಬ. ಅದರ ಮೈಮೇಲೆ ಹತ್ತಾರು ಆಯುಧಪೂಜೆಗಳ ಅರಿಶಿನ ಕುಂಕುಮ ಪದರ ಪದರವಾಗಿ ಕೂತಿತ್ತು. ಅದೇ ಅವರ ಸರ್ವರ್, ಅಂದರೆ ಏಳೂ ಕಂಪ್ಯೂಟರ್‌ಗಳಿಗೆ ಮಾಹಿತಿ ಒದಗಿಸುವ ಯಂತ್ರ. "ಕಟ ಕಟ ಅಂತ ಸದ್ದು ಮಾಡ್ತಿದೆ. ಹೊಸದು ತಂದಿದ್ದೀವಿ, ಪಾರ್ಟಿ ಲಿಸ್ಟ್ ಅದಕ್ಕೆ ಹಾಕಿಕೊಡಿ" ಅಂತ ಯಜಮಾನರು ಫೋನ್ ಮಾಡಿದರು. ಪಾರ್ಟಿ ಅಂದರೆ ಅವರ ಗಿರಾಕಿ.

ಹಾಕಿಕೊಡಿ ಅನ್ನುವುದು ಒಂದೇ ಮಾತು. ದಾರಿಗಳು ಮಾತ್ರ ನಾಲ್ಕೈದು. ಡೇಟಾಬೇಸಿನ ಫೈಲನ್ನೇ ಎತ್ತಿ ಹೊಸ ಯಂತ್ರದಲ್ಲಿ ಇಡಬಹುದು. ಬ್ಯಾಕಪ್ ತೆಗೆದು ರಿಸ್ಟೋರ್ ಮಾಡಬಹುದು. ಎಲ್ಲವನ್ನೂ ಸಿಎಸ್‌ವಿ ಫೈಲಿಗೆ (ಕಾಲಂಗಳ ನಡುವೆ ಅಲ್ಪವಿರಾಮ ಇಟ್ಟ ಬರೀ ಅಕ್ಷರದ ಫೈಲ್) ಇಳಿಸಿ ಬೇರೆ ಸಾಫ್ಟ್‌ವೇರ್‌ಗೆ ತುಂಬಬಹುದು. ಸರ್ವರೇ ಬೇಡ ಅಂತ ಆನ್‌ಲೈನ್‌ಗೆ ಹೋಗಬಹುದು. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ಒಂದು ಪಾರ್ಟಿಯ ಹೆಸರು ತೆರೆದು ತೋರಿಸಿ ಅನ್ನುತ್ತೇನೆ.

ಆ ಅಂಗಡಿಯಲ್ಲೂ ತೆರೆದು ತೋರಿಸಿದರು. ಹರಿಹರದ ಒಬ್ಬ ವೈಂಡಿಂಗ್ ಮೆಕ್ಯಾನಿಕ್. ಹೆಸರು, ಎರಡು ಮೊಬೈಲ್ ನಂಬರ್, ವಿಳಾಸ. ಕೆಳಗೆ ಟಿಪ್ಪಣಿ: "ಎರಡು ಸಲ ಚೆಕ್ ಬೌನ್ಸ್. ಕ್ಯಾಶ್ ಮಾತ್ರ." ಅದರ ಕೆಳಗೆ ಇನ್ನೊಂದು: "ಮಧ್ಯಾಹ್ನ ಮೂರರ ಮೇಲೆ ಫೋನ್ ಮಾಡಿ, ಅಲ್ಲಿಯವರೆಗೆ ತೋಟದಲ್ಲಿ ಇರ್ತಾರೆ." ಆಮೇಲೆ ಆರು ವರ್ಷದ ಫೋನ್ ಮಾತುಕತೆ, ಯಾರು ಮಾತಾಡಿದ್ದು, ಯಾವ ರೇಟ್ ಹೇಳಿದ್ದು, ಎಲ್ಲ ತಾರೀಖಿನ ಸಮೇತ.

ನಂಬರ್ ಎಲ್ಲರ ಮೊಬೈಲಿನಲ್ಲೂ ಇದೆ. ಅದರ ಕೆಳಗಿದ್ದ ಟಿಪ್ಪಣಿ, ಮಾತುಕತೆ ಬೇರೆಲ್ಲೂ ಇಲ್ಲ. ಹಾಗಾಗಿ ದಾರಿ ಆರಿಸುವಾಗ ನನ್ನ ಅಳತೆಗೋಲು ಇಷ್ಟೇ: ಟಿಪ್ಪಣಿ ಮತ್ತು ಹಿಂದಿನ ಮಾತುಕತೆ ಜೊತೆಗೆ ಬರುತ್ತವೆಯೋ ಇಲ್ಲವೋ? ಎಷ್ಟು ಬೇಗ ಆಗುತ್ತದೆ, ಎಷ್ಟು ಖರ್ಚು ಅನ್ನುವುದೆಲ್ಲ ಆಮೇಲಿನ ಮಾತು.

ಮೊದಲು, ನಿಮ್ಮ ಹತ್ತಿರ ಇರುವುದು ಏನು?

ಸಣ್ಣ ಆಫೀಸುಗಳಲ್ಲಿ ನಾನು ನೋಡಿದ್ದು ಹೆಚ್ಚಾಗಿ ಮೂರು ಬಗೆ. ಒಂದು, ಹಂಚಿಕೊಂಡ ಫೋಲ್ಡರಿನಲ್ಲಿ ಇರುವ ಎಕ್ಸೆಲ್ ಫೈಲ್. ಇದನ್ನು ಕಾಪಿ ಮಾಡಿದರೆ ಮುಗಿಯಿತು, ಈ ಬರಹ ಓದುವ ಕಷ್ಟವೂ ಬೇಡ. ಎರಡನೆಯದು ಆಕ್ಸೆಸ್ (ಮೈಕ್ರೋಸಾಫ್ಟ್‌ನ ಸಣ್ಣ ಡೇಟಾಬೇಸ್ ಪ್ರೋಗ್ರಾಂ) ಫೈಲ್. ಅದನ್ನೂ ಕಾಪಿ ಮಾಡಬಹುದು, ಆದರೆ ಯಾರೂ ತೆರೆದಿರಬಾರದು. ಪಕ್ಕದಲ್ಲಿ ಅದೇ ಹೆಸರಿನ ಪುಟ್ಟ ಲಾಕ್ ಫೈಲ್ ಕಂಡರೆ ಸಾಮಾನ್ಯವಾಗಿ ಯಾರೋ ಒಳಗಿದ್ದಾರೆ ಅಂತ ಅರ್ಥ. ಎಲ್ಲರೂ ಹೊರಗೆ ಬಂದು, ಲಾಕ್ ಫೈಲ್ ಮಾಯವಾದ ಮೇಲೆ ಕಾಪಿ ಮಾಡಿ. ನಂತರ ಪ್ರತಿ ಕಂಪ್ಯೂಟರಿನ ಫಾರ್ಮ್ ಫೈಲಿನಲ್ಲಿ ಲಿಂಕ್ಡ್ ಟೇಬಲ್ ಮ್ಯಾನೇಜರ್ ತೆರೆದು ಹೊಸ ಜಾಗ ತೋರಿಸಬೇಕು. ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ ಇದೆ. ಅದರ ಹತ್ತಿರ ಬಂದಿದ್ದರೆ ಯಂತ್ರ ಬದಲಿಸಿ ಉಪಯೋಗವಿಲ್ಲ.

ಮೂರನೆಯದೇ ತಲೆನೋವು, ಮತ್ತು ಅದೇ ಬೆಲೆಬಾಳುವಂಥದ್ದು: ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ (ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಸಾಫ್ಟ್‌ವೇರ್; ಹೆಸರಲ್ಲಿ ಸರ್ವರ್ ಇದ್ದರೂ ಯಂತ್ರವಲ್ಲ) ಮೇಲೆ ಕೂತಿರುವ ಡೇಟಾಬೇಸ್. ಊರಿನ ಯಾರೋ ಹುಡುಗ ಬರೆದುಕೊಟ್ಟ ಪ್ರೋಗ್ರಾಂ ಇರಬಹುದು. ಇಲ್ಲವೇ ಮೈಕ್ರೋಸಾಫ್ಟ್‌ನ ಇಮೇಲ್ ಪ್ರೋಗ್ರಾಂ ಔಟ್‌ಲುಕ್ ಒಳಗೆ ಕೂತು ಗಿರಾಕಿಗಳ ಮಾಹಿತಿ ಇಡುತ್ತಿದ್ದ ಬಿಸಿನೆಸ್ ಕಾಂಟ್ಯಾಕ್ಟ್ ಮ್ಯಾನೇಜರ್ ಇರಬಹುದು. ಬಾಯಿಮಾತಿನಲ್ಲಿ ಬಿಸಿಎಂ. ಆಫೀಸ್ 2003ರ ಜೊತೆ ಬಂದದ್ದು. 2007ರ ಆವೃತ್ತಿಗೆ ಒಳಗೆ ಎಸ್‌ಕ್ಯೂಎಲ್ 2005 ಎಕ್ಸ್‌ಪ್ರೆಸ್, 2010ರದಕ್ಕೆ ಎಸ್‌ಕ್ಯೂಎಲ್ 2008 ಎಕ್ಸ್‌ಪ್ರೆಸ್. ಔಟ್‌ಲುಕ್ 2016ರಲ್ಲಿ ಅದು ನಡೆಯುವುದೇ ಇಲ್ಲ. ಆದರೂ ಇವತ್ತಿಗೂ ಎಷ್ಟೋ ಮೂಲೆಗಳಲ್ಲಿ ಓಡುತ್ತಿದೆ. ಕೆಟ್ಟಿಲ್ಲ, ಅದಕ್ಕೇ ಯಾರೂ ಮುಟ್ಟಿಲ್ಲ.

ಆವೃತ್ತಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಳೆಯದರಿಂದ ಹೊಸದಕ್ಕೆ ಹೋಗಬಹುದು, ಹೊಸದರಿಂದ ಹಳೆಯದಕ್ಕೆ ಬರಲು ಆಗದು. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಫೈಲನ್ನು ಹಳೆಯದು ಒಪ್ಪುವುದೇ ಇಲ್ಲ. ಇನ್ನೊಂದು ತೊಡಕು: 2003ರ ಕಾಲದ ಡೇಟಾಬೇಸ್ ಇದ್ದರೆ ಅದು ಎಸ್‌ಕ್ಯೂಎಲ್ 2000ರ ತಳಿ. ಅದನ್ನು 2012 ಅಥವಾ ಅದಕ್ಕಿಂತ ಹೊಸ ಸರ್ವರ್ ನೇರವಾಗಿ ತೆಗೆದುಕೊಳ್ಳುವುದಿಲ್ಲ. ನಡುವೆ 2005 ಅಥವಾ 2008ರಲ್ಲಿ ಒಂದು ರಾತ್ರಿ ತಂಗಬೇಕು.

ಫೈಲ್ ಎತ್ತುವುದೋ, ಬ್ಯಾಕಪ್ ತೆಗೆಯುವುದೋ

ಈ ಎರಡರಲ್ಲೂ ಟಿಪ್ಪಣಿ ಬರುತ್ತದೆ, ಮಾತುಕತೆಯೂ ಬರುತ್ತದೆ. ಡೇಟಾಬೇಸ್ ಇಡಿಯಾಗಿ ಬರುವುದರಿಂದ ಏನೂ ಉದುರುವುದಿಲ್ಲ. ಹಾಗಾಗಿ ನನ್ನ ಅಳತೆಗೋಲಿಗೆ ಎರಡೂ ಪಾಸು. ಆದರೆ ಎರಡೂ ಒಂದೇ ಅಲ್ಲ.

ಫೈಲ್ ಎತ್ತುವುದು ಅಂದರೆ ಡಿಟ್ಯಾಚ್ ಮಾಡಿ (ಹಳೆ ಸರ್ವರ್‌ನಿಂದ ಬಿಚ್ಚಿ), ಕಾಪಿ ಮಾಡಿ, ಹೊಸ ಕಡೆ ಅಟ್ಯಾಚ್ ಮಾಡುವುದು (ಜೋಡಿಸುವುದು). ಡೇಟಾ ಫೈಲ್ ಒಂದು, ಲಾಗ್ ಫೈಲ್ ಒಂದು, ಎರಡನ್ನೂ ಒಯ್ಯಬೇಕು. ನೋಡಲು ಸುಲಭ. ಯೂಟ್ಯೂಬ್ ನೋಡಿ ಮಾಡುವವರು ಇದನ್ನೇ ಮಾಡುತ್ತಾರೆ. ತೊಂದರೆ ಎಲ್ಲಿ ಅಂದರೆ, ಡಿಟ್ಯಾಚ್ ಮಾಡಿದ ಕೂಡಲೇ ಹಳೆ ಸರ್ವರ್‌ನಲ್ಲಿ ಡೇಟಾಬೇಸ್ ಇಲ್ಲ. ಆಫೀಸು ನಿಂತಿತು. ಹೊಸ ಕಡೆ ಏನಾದರೂ ಎಡವಟ್ಟಾದರೆ ಮತ್ತೆ ಹಳೆಯದಕ್ಕೆ ಅಟ್ಯಾಚ್ ಮಾಡಬೇಕು. ಅಷ್ಟರಲ್ಲಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರೆ, ಅರ್ಧ ಕಾಪಿಯಾದ ಫೈಲ್ ಮತ್ತು ನೀವು ಇಬ್ಬರೇ.

ಇದರಲ್ಲಿ ಎಲ್ಲರೂ ಬೀಳುವ ಒಂದು ಹಳ್ಳವಿದೆ. ಪೆನ್‌ಡ್ರೈವ್‌ನಿಂದ ಫೈಲನ್ನು ಡೆಸ್ಕ್‌ಟಾಪ್ ಮೇಲೆ ಹಾಕುತ್ತಾರೆ. ಅಲ್ಲಿಂದಲೇ ಅಟ್ಯಾಚ್ ಕೊಡುತ್ತಾರೆ. ಕೆಂಪು ಗುರುತು ಬರುತ್ತದೆ: ಆಪರೇಟಿಂಗ್ ಸಿಸ್ಟಮ್ ಎರರ್ 5, ಆಕ್ಸೆಸ್ ಡಿನೈಡ್. ಫೈಲ್ ಕೆಟ್ಟಿದೆ ಅಂತ ಗಾಬರಿಯಾಗುತ್ತಾರೆ. ಫೈಲ್ ಕೆಟ್ಟಿರುವುದಿಲ್ಲ. ಫೈಲ್ ತೆರೆಯುವುದು ನೀವಲ್ಲ, ಎಸ್‌ಕ್ಯೂಎಲ್ ಸರ್ವರ್ ಅನ್ನುವ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಅದಕ್ಕೆ ನಿಮ್ಮ ಡೆಸ್ಕ್‌ಟಾಪ್ ನೋಡುವ ಅನುಮತಿ ಇಲ್ಲ, ಅಷ್ಟೇ. ಡಿಟ್ಯಾಚ್ ಮಾಡುವಾಗಲೂ ಫೈಲಿನ ಅನುಮತಿ ಬದಲಾಗಿ ಡಿಟ್ಯಾಚ್ ಮಾಡಿದವರ ಹೆಸರಿಗೆ ಮಾತ್ರ ಉಳಿಯುವುದುಂಟು. ಎಸ್‌ಕ್ಯೂಎಲ್‌ನ ಸ್ವಂತ ಡೇಟಾ ಫೋಲ್ಡರಿಗೆ ಹಾಕಿ, ಫೈಲಿಗೆ ಸರ್ವಿಸ್ ಹೆಸರಿನಲ್ಲಿ ಪೂರ್ತಿ ಅನುಮತಿ ಕೊಟ್ಟರೆ ಸರಿಹೋಗುತ್ತದೆ.

ಬ್ಯಾಕಪ್ ದಾರಿಯಲ್ಲಿ ಇಷ್ಟು ರಗಳೆ ಇಲ್ಲ. ಹಳೆಯದು ಓಡುತ್ತಿರುವಾಗಲೇ ಬ್ಯಾಕಪ್ ತೆಗೆಯಬಹುದು. ಆಫೀಸಿನವರು ಕೆಲಸ ಮಾಡುತ್ತಲೇ ಇರುತ್ತಾರೆ. ಶುಕ್ರವಾರ ಒಂದು ತೆಗೆದು ಹೊಸ ಯಂತ್ರದಲ್ಲಿ ರಿಸ್ಟೋರ್ ಮಾಡಿ ತಾಲೀಮು ನಡೆಸಬಹುದು. ಸರಿ ಬರಲಿಲ್ಲವಾ, ಅಳಿಸಿ ಮತ್ತೆ ಮಾಡಿ. ಹಳೆಯದಕ್ಕೆ ಗೊತ್ತೂ ಆಗುವುದಿಲ್ಲ. ಭಾನುವಾರ ಎಲ್ಲರನ್ನೂ ಹೊರಗೆ ಕಳಿಸಿ ಕೊನೆಯ ಬ್ಯಾಕಪ್ ತೆಗೆದು ಅದನ್ನು ಹಾಕಿದರೆ ಆಯಿತು. ಬ್ಯಾಕಪ್ ತೆಗೆಯುವಾಗ ಚೆಕ್‌ಸಮ್ (ನಕಲು ಸರಿ ಇದೆಯಾ ಅಂತ ತಾಳೆ ನೋಡುವ) ಆಯ್ಕೆ ಹಾಕಿ. ಅದಕ್ಕೂ ಮೊದಲು ಡೇಟಾಬೇಸ್ ಎಲ್ಲಾದರೂ ಕೆಟ್ಟಿದೆಯಾ ಅಂತ ಪರೀಕ್ಷಿಸುವ ಡಿಬಿಸಿಸಿ ಚೆಕ್‌ಡಿಬಿ ಆಜ್ಞೆ ಓಡಿಸಿ ನೋಡಿ. ಡಿಸ್ಕ್ ಕಟ ಕಟ ಅನ್ನುತ್ತಿದ್ದರಂತೂ ಇದು ಮೊದಲ ಕೆಲಸ. ಕೊಳೆತ ಹಣ್ಣನ್ನು ಹೊಸ ಬುಟ್ಟಿಗೆ ಹಾಕಿ ಏನು ಬಂತು?

ನನ್ನ ಮಟ್ಟಿಗೆ ಬ್ಯಾಕಪ್ಪೇ ಸರಿ. ಡಿಟ್ಯಾಚ್ ಮಾಡುವುದು ಡೇಟಾಬೇಸ್ ಭಾರೀ ದೊಡ್ಡದಿದ್ದು, ಬ್ಯಾಕಪ್ ಇಡಲು ಜಾಗವೇ ಇಲ್ಲದಿದ್ದಾಗ. ಪಾರ್ಟಿ ಲಿಸ್ಟ್ ಅಷ್ಟು ದೊಡ್ಡದು ಎಲ್ಲಿ ಇರುತ್ತದೆ? ದಾವಣಗೆರೆಯ ಅಂಗಡಿಯದು ಆರು ವರ್ಷದ ಮಾತುಕತೆ ಸೇರಿ 340 ಎಂಬಿ ಇತ್ತು. ಅದೇ ಯಂತ್ರದಲ್ಲಿದ್ದ ಯಜಮಾನರ ಮಗಳ ಮದುವೆ ವಿಡಿಯೊ ಅದರ ನೂರು ಪಟ್ಟು ಇತ್ತು.

ಬಿಸಿಎಂ ಇದ್ದವರು ಎಸ್‌ಕ್ಯೂಎಲ್ ಮಟ್ಟಕ್ಕೆ ಇಳಿಯುವ ಗೋಜಿಗೇ ಹೋಗಬೇಡಿ. ಅದರದೇ ಮೆನುವಿನಲ್ಲಿ ಬ್ಯಾಕಪ್, ರಿಸ್ಟೋರ್ ಎರಡೂ ಇವೆ. ಎಸ್‌ಬಿಬಿ ಅನ್ನುವ ಬಾಲದ ಫೈಲ್ ಸಿಗುತ್ತದೆ. ಹೊಸ ಯಂತ್ರದಲ್ಲಿ ಅದೇ ಆವೃತ್ತಿಯ ಬಿಸಿಎಂ ಹಾಕಿ, ಅಲ್ಲಿಗೆ ರಿಸ್ಟೋರ್ ಮಾಡಿ. ಸರ್ವರ್ ಮೇಲೆ ಔಟ್‌ಲುಕ್ ಹಾಕದೆ ಡೇಟಾಬೇಸ್ ಮಾತ್ರ ಇಡಲು ಮೈಕ್ರೋಸಾಫ್ಟ್ ಪ್ರತ್ಯೇಕ ಡೇಟಾಬೇಸ್ ಟೂಲ್ ಕೊಟ್ಟಿತ್ತು. ಬ್ಯಾಕಪ್ ತೆಗೆಯುವಾಗ ಪಾಸ್‌ವರ್ಡ್ ಬೇಕಾ ಅಂತ ಕೇಳುತ್ತದೆ. ಹಾಕುವುದಾದರೆ ಚೀಟಿಯಲ್ಲಿ ಬರೆದಿಡಿ. ಮರೆತರೆ ಆ ಫೈಲ್ ಇದ್ದೂ ಇಲ್ಲದ ಹಾಗೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಬಿಸಿಎಂನಲ್ಲಿ ಲ್ಯಾಪ್‌ಟಾಪ್‌ಗೆ ಆಫ್‌ಲೈನ್ ಪ್ರತಿ ಒಯ್ಯುವ ಸೌಲಭ್ಯ ಇತ್ತು. ಊರೂರು ತಿರುಗುವ ಸೇಲ್ಸ್ ಹುಡುಗ ಲ್ಯಾಪ್‌ಟಾಪಿನಲ್ಲೇ ಬರೆದುಕೊಂಡು, ಆಫೀಸಿಗೆ ಬಂದಾಗ ಸರ್ವರ್‌ಗೆ ಜೋಡಿಸುತ್ತಿದ್ದ. ಒಂದು ಆಫೀಸಿನಲ್ಲಿ ನಾನು ಭಾನುವಾರ ಎಲ್ಲ ಸಾಗಿಸಿ, ಸೋಮವಾರ ಸಿಹಿ ತಿಂದು ಮನೆಗೆ ಬಂದೆ. ಬುಧವಾರ ಆ ಹುಡುಗ ಚಿತ್ರದುರ್ಗ ಕಡೆಯಿಂದ ಬಂದ. ಮೂರು ವಾರದ ಟಿಪ್ಪಣಿ ಅವನ ಲ್ಯಾಪ್‌ಟಾಪಿನಲ್ಲಿತ್ತು. ಸೇರಿಸಲು ಹಳೆ ಡೇಟಾಬೇಸೇ ಇಲ್ಲ. ಕೂತು ಕೈಯಲ್ಲಿ ಟೈಪ್ ಮಾಡಿದೆವು, ಇಬ್ಬರೂ, ಎರಡು ದಿನ. ಈಗ ನಾನು ಮೊದಲು ಕೇಳುವ ಪ್ರಶ್ನೆಯೇ "ಹೊರಗೆ ಎಷ್ಟು ಲ್ಯಾಪ್‌ಟಾಪ್ ಇವೆ?"

ಡೇಟಾ ಬಂತು, ಬಾಗಿಲು ತೆರೆಯಲಿಲ್ಲ

ಸಾಗಿಸುವ ಕೆಲಸದಲ್ಲಿ ಡೇಟಾ ಸಾಗಿಸುವುದು ಅರ್ಧ ಗಂಟೆ. ಉಳಿದ ದಿನ ಹೋಗುವುದು ಇಲ್ಲಿ. ಸರ್ವರ್ ಮುಂದೆ ಕೂತರೆ ಎಲ್ಲ ಕಾಣುತ್ತದೆ. ಲೆಕ್ಕದ ಮೇಡಂ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ.

ಕಾರಣ ಒಂದು: ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಹೊಸದಾಗಿ ಹಾಕಿದಾಗ ಟಿಸಿಪಿ/ಐಪಿ ಮುಚ್ಚಿರುತ್ತದೆ. ಬೇರೆ ಕಂಪ್ಯೂಟರ್ ಬರಲು ದಾರಿಯೇ ಇಲ್ಲ. ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ ಅದನ್ನು ತೆರೆದು, ಸರ್ವಿಸ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಜೊತೆಗೆ ಎಸ್‌ಕ್ಯೂಎಲ್ ಬ್ರೌಸರ್ ಅನ್ನುವ ಸರ್ವಿಸ್ ಓಡಬೇಕು. ಫೈರ್‌ವಾಲ್‌ನಲ್ಲಿ ಅದಕ್ಕೆ ಯುಡಿಪಿ 1434, ಎಸ್‌ಕ್ಯೂಎಲ್‌ಗೆ ಅದರ ಟಿಸಿಪಿ ಪೋರ್ಟ್ ತೆರೆಯಬೇಕು. ಟೆಸ್ಟ್ ಮಾಡಲು ಐದು ನಿಮಿಷ ಫೈರ್‌ವಾಲ್ ಪೂರ್ತಿ ಆಫ್ ಮಾಡಿ, ಆಮೇಲೆ ಆನ್ ಮಾಡಲು ಮರೆಯುವವರನ್ನು ಎಷ್ಟು ಜನರನ್ನು ನೋಡಿದ್ದೇನೋ.

ಕಾರಣ ಎರಡು ಸ್ವಲ್ಪ ಗೂಢ. ಡೇಟಾಬೇಸ್ ಒಳಗೆ ಯೂಸರ್ ಹೆಸರು ಇರುತ್ತದೆ. ಸರ್ವರ್ ಬಾಗಿಲಲ್ಲಿ ಲಾಗಿನ್ ಇರುತ್ತದೆ. ಇವೆರಡನ್ನೂ ಕಟ್ಟಿರುವುದು ಹೆಸರಲ್ಲ, ಹಿಂದೆ ಅಡಗಿರುವ ಒಂದು ಉದ್ದನೆಯ ಗುರುತಿನ ಸಂಖ್ಯೆ. ರಿಸ್ಟೋರ್ ಮಾಡಿದಾಗ ಡೇಟಾಬೇಸ್ ಒಳಗಿನ ಯೂಸರ್ ಬರುತ್ತಾರೆ, ಬಾಗಿಲಿನ ಲಾಗಿನ್ ಬರುವುದಿಲ್ಲ. ನೀವು ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಲಾಗಿನ್ ಮಾಡಿದರೂ ಸಂಖ್ಯೆ ಬೇರೆ. ಮದುವೆ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಇದ್ದ ಹಾಗೆ. ಹೆಸರು ಸರಿ, ಮನುಷ್ಯ ಅವನಲ್ಲ. ಆಲ್ಟರ್ ಯೂಸರ್ ಆಜ್ಞೆ ಕೊಟ್ಟು ಹಳೆ ಯೂಸರ್‌ನನ್ನು ಹೊಸ ಲಾಗಿನ್‌ಗೆ ಕಟ್ಟಿದರೆ ಆಯಿತು. ಡೊಮೇನ್ (ಎಲ್ಲ ಯೂಸರ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ವರ್ಕ್‌ಗ್ರೂಪ್ ಆಫೀಸುಗಳಲ್ಲಿ ವಿಂಡೋಸ್ ಯೂಸರ್‌ಗಳಿಗೂ ಇದೇ ಕಥೆ. ಹೊಸ ಯಂತ್ರದಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೂ ಎಸ್‌ಕ್ಯೂಎಲ್‌ನಲ್ಲಿ ಲಾಗಿನ್ ಹೊಸದಾಗಿಯೇ ಮಾಡಬೇಕು. ಬಿಸಿಎಂ ಆದರೆ ರಿಸ್ಟೋರ್ ಮಾಡಿದ ಮೇಲೆ ಶೇರ್ ಮಾಡುವ ಹೆಜ್ಜೆಯನ್ನು ಮತ್ತೆ ಮೊದಲಿಂದ ಮಾಡಿ ಎಲ್ಲರನ್ನೂ ಸೇರಿಸಿ.

ಕಾರಣ ಮೂರು, ಸರ್ವರ್ ಹೆಸರು. ಏಳೂ ಕಂಪ್ಯೂಟರ್‌ಗಳಿಗೆ ಹಳೆ ಹೆಸರೇ ಗೊತ್ತು. ಇಲ್ಲಿ ಎರಡು ದಾರಿ: ಹೊಸ ಯಂತ್ರಕ್ಕೆ ಹಳೆ ಹೆಸರನ್ನೇ ಇಡುವುದು, ಅಥವಾ ಏಳು ಕಡೆ ಹೋಗಿ ಹೊಸ ಹೆಸರು ಬರೆಯುವುದು. ಏಳೇ ಇದ್ದರೆ ನಾನು ಏಳು ಕಡೆ ಹೋಗುತ್ತೇನೆ. ಒಂದು ಗಂಟೆಯ ಕೆಲಸ. ಹಳೆ ಹೆಸರು ಇಟ್ಟರೆ ಆ ಗಂಟೆ ಉಳಿಯುತ್ತದೆ ನಿಜ. ಆದರೆ ಮುಂದಿನ ವಾರ ಯಾರೋ "ಯಾಕೆ ಇದು ಆಫ್ ಆಗಿದೆ?" ಅಂತ ಹಳೆ ಡಬ್ಬದ ಸ್ವಿಚ್ ಒತ್ತಿದರೆ ಒಂದೇ ಹೆಸರಿನ ಎರಡು ಯಂತ್ರ ನೆಟ್‌ವರ್ಕಿನಲ್ಲಿ ಕಿತ್ತಾಡುತ್ತವೆ. ಇಪ್ಪತ್ತಕ್ಕಿಂತ ಜಾಸ್ತಿ ಕಂಪ್ಯೂಟರ್ ಇದ್ದರೆ ಮಾತು ಬೇರೆ.

ಊರಿನ ಹುಡುಗ ಬರೆದ ಪ್ರೋಗ್ರಾಂ ಆದರೆ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ) ಅನ್ನುವುದನ್ನೂ ನೋಡಿಕೊಳ್ಳಿ. ಎಸ್‌ಕ್ಯೂಎಲ್ ಹಾಕುವಾಗ ವಿಂಡೋಸ್ ರೀಜನ್ ನೋಡಿ ಅದು ತಾನೇ ಆರಿಸಿಕೊಳ್ಳುತ್ತದೆ. ಹಳೆಯದರಲ್ಲಿ ಅಮೆರಿಕ ಅಂತ ಇದ್ದು, ಹೊಸದರಲ್ಲಿ ಇಂಡಿಯಾ ಅಂತ ಇದ್ದರೆ ಎರಡೂ ಬೇರೆ ಬೇರೆ ಆಗಬಹುದು. ಆಗ ಎಲ್ಲ ಸರಿ ಇದ್ದು, ಯಾವುದೋ ಒಂದು ರಿಪೋರ್ಟ್ ಮಾತ್ರ ತೆರೆಯುವುದಿಲ್ಲ. ಹಳೆಯದರ ಕೊಲೇಶನ್ ಬರೆದುಕೊಂಡು ಹೊಸದನ್ನು ಹಾಕುವಾಗಲೇ ಅದನ್ನೇ ಆರಿಸಿ. ಆಮೇಲೆ ಬದಲಿಸುವುದು ದೊಡ್ಡ ರಾಮಾಯಣ.

ಸಿಎಸ್‌ವಿ: ಸುಲಭ ಅನ್ನಿಸುವ ದಾರಿ

ಬಿಸಿಎಂನಂಥದ್ದು ಎಷ್ಟು ದಿನ ಅಂತ ಎಳೆಯುವುದು? ಎಸ್‌ಕ್ಯೂಎಲ್ 2005ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2016ರ ಏಪ್ರಿಲ್‌ಗೆ ಮುಗಿದಿದೆ, 2008ರದಕ್ಕೆ 2019ರ ಜುಲೈಗೆ. ಇವತ್ತಲ್ಲ ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋಗಲೇಬೇಕು, ಅಲ್ವಾ? ಹೌದು. ಆದರೆ ಯಂತ್ರ ಬದಲಿಸುವ ದಿನವೇ ಸಾಫ್ಟ್‌ವೇರನ್ನೂ ಬದಲಿಸಬೇಡಿ. ಸೋಮವಾರ ಬೆಳಿಗ್ಗೆ ಏನೋ ಕಾಣುತ್ತಿಲ್ಲ ಅಂದಾಗ ತಪ್ಪು ಯಂತ್ರದ್ದೋ, ಸಾಫ್ಟ್‌ವೇರಿನದ್ದೋ, ಸಾಗಿಸಿದವರದ್ದೋ ಅಂತ ಯಾರಿಗೂ ತಿಳಿಯುವುದಿಲ್ಲ. ಮೊದಲು ಇದ್ದ ಹಾಗೆಯೇ ಹೊಸ ಯಂತ್ರಕ್ಕೆ ತನ್ನಿ. ಎರಡು ತಿಂಗಳು ಬಿಟ್ಟು, ನಿಧಾನವಾಗಿ ಬೇರೆಯದಕ್ಕೆ ಹೋಗಿ.

ಹೋಗುವಾಗ ಸೇತುವೆ ಸಿಎಸ್‌ವಿ ಫೈಲ್. ಎಲ್ಲ ಸಾಫ್ಟ್‌ವೇರೂ ಕೊಡುತ್ತದೆ, ಎಲ್ಲದೂ ತೆಗೆದುಕೊಳ್ಳುತ್ತದೆ. ನನ್ನ ಅಳತೆಗೋಲಿಗೆ ಇದು ಫೇಲು. ಹೆಸರು, ನಂಬರ್, ವಿಳಾಸ ಬರುತ್ತವೆ. ಒಬ್ಬ ಪಾರ್ಟಿಗೆ ಅಂಟಿಕೊಂಡ ನಲವತ್ತು ಮಾತುಕತೆಗಳು ಬರುವುದಿಲ್ಲ, ಯಾಕೆಂದರೆ ಅವು ಡೇಟಾಬೇಸಿನ ಒಳಗೆ ಬೇರೆ ಟೇಬಲ್ಲಿನಲ್ಲಿ (ಬೇರೆ ಪಟ್ಟಿಯಲ್ಲಿ) ಇವೆ. ಇದಕ್ಕೆ ನಾನು ಮಾಡುವ ಉಪಾಯ: ಎಸ್‌ಕ್ಯೂಎಲ್ ಬಲ್ಲವರಿಂದ ಆ ಟೇಬಲ್ ತೆಗೆಸಿ, ಪ್ರತಿ ಪಾರ್ಟಿಯ ಮಾತುಕತೆಗಳನ್ನು ತಾರೀಖು, ಬರೆದವರ ಹೆಸರು ಸಮೇತ ಒಂದರ ಕೆಳಗೆ ಒಂದು ಜೋಡಿಸಿ, ಒಂದೇ ಉದ್ದ ಟಿಪ್ಪಣಿ ಮಾಡುವುದು. ಹೊಸದರಲ್ಲಿ ಚಂದ ಕಾಣುವುದಿಲ್ಲ. ಆದರೆ "ಕ್ಯಾಶ್ ಮಾತ್ರ" ಅನ್ನುವ ಮಾತು ಉಳಿಯುತ್ತದೆ.

ಇನ್ನು ಎಕ್ಸೆಲ್ ಮಾಡುವ ಚೇಷ್ಟೆ. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿದಿರೋ, ಕೆಟ್ಟಿತು. ದಾವಣಗೆರೆಯ ಲ್ಯಾಂಡ್‌ಲೈನ್ 08192ರಿಂದ ಶುರು. ನಡುವೆ ಗೆರೆ ಹಾಕದೆ ಬರೆದಿದ್ದರೆ ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ನುಂಗುತ್ತದೆ. 91 ಸೇರಿಸಿದ ಮೊಬೈಲ್ ನಂಬರ್ 9.19ಇ+11 ಅಂತ ತೋರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಂಕ್ ಖಾತೆ ಸಂಖ್ಯೆ. ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಸದ್ದಿಲ್ಲದೆ. ಸೇವ್ ಮಾಡಿದರೆ ಮುಗಿಯಿತು, ವಾಪಸ್ ಬರದು. ಡೇಟಾ ಮೆನುವಿನಿಂದ ಫೈಲ್ ತಂದು, ಇಂಥ ಕಾಲಂಗಳನ್ನೆಲ್ಲ ಟೆಕ್ಸ್ಟ್ ಅಂತ ಗುರುತು ಮಾಡಿ. ಲಿಬ್ರೆಆಫೀಸ್ ಆದರೆ ತೆರೆಯುವಾಗಲೇ ಕೇಳುತ್ತದೆ. ಈ ಒಂದು ಕೆಲಸಕ್ಕೆ ನನಗೆ ಅದೇ ಇಷ್ಟ.

ಕನ್ನಡದಲ್ಲಿ ಹೆಸರು, ವಿಳಾಸ ಬರೆದವರಿಗೆ ಇನ್ನೊಂದು ಹೆಜ್ಜೆ ಜಾಸ್ತಿ. ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಪದ್ಧತಿ) ಆಗಿದ್ದರೆ ಫೈಲನ್ನು ಯುಟಿಎಫ್-8 ಅಂತ ಹೇಳಿ ತೆರೆದರೆ ಸಾಕು. ಆದರೆ ಹಳೆ ಆಫೀಸುಗಳಲ್ಲಿ ಕವರ್ ಮೇಲೆ ಅಂಟಿಸುವ ಲೇಬಲ್ ಪ್ರಿಂಟ್ ಮಾಡಲು ನುಡಿ, ಬರಹದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತಾರೆ. ಅಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಮೇಲೆ ಕನ್ನಡ ಫಾಂಟಿನ ಬಟ್ಟೆ. ಬ್ಯಾಕಪ್ ದಾರಿಯಲ್ಲಿ ಹೋದರೆ ಹೊಸ ಯಂತ್ರದಲ್ಲಿ ಅದೇ ಫಾಂಟ್ ಹಾಕಿದರೆ ಮೊದಲಿನ ಹಾಗೇ ಕಾಣುತ್ತದೆ. ಮೊಬೈಲಿಗೋ ಆನ್‌ಲೈನಿಗೋ ಒಯ್ದರೆ ಬಟ್ಟೆ ಕಳಚುತ್ತದೆ. ಆಗ ಯೂನಿಕೋಡ್‌ಗೆ ಪರಿವರ್ತಿಸಬೇಕು. ಅದಕ್ಕೆ ಪರಿವರ್ತಕ ಸಾಫ್ಟ್‌ವೇರ್ ಇದೆ. ಎಚ್ಚರ ಒಂದೇ: ಇಡೀ ಕಾಲಂ ಎತ್ತಿ ಪರಿವರ್ತಕಕ್ಕೆ ಹಾಕಬೇಡಿ. ನಡುನಡುವೆ ನಿಜವಾದ ಇಂಗ್ಲಿಷಿನಲ್ಲಿ ಬರೆದ ಹೆಸರುಗಳೂ ಇರುತ್ತವೆ. ಅವನ್ನೂ ಅದು ಕನ್ನಡ ಮಾಡಿ ಅರ್ಥವಿಲ್ಲದ ಅಕ್ಷರ ಸುರಿಯುತ್ತದೆ. ಮೊದಲು ಎರಡು ಗುಂಪು ಮಾಡಿ, ಕನ್ನಡದ್ದನ್ನು ಮಾತ್ರ ಪರಿವರ್ತಿಸಿ.

ಒಂದೇ ಮನುಷ್ಯ ಮೂರು ಹೆಸರಿನಲ್ಲಿ ಇರುವುದನ್ನು ಒಂದು ಮಾಡಲೂ ಇದೇ ಸಮಯ. "ಮಂಜು ಹರಿಹರ", "ಮಂಜಣ್ಣ ವೈಂಡಿಂಗ್", "ಹರಿಹರ ಮಂಜುನಾಥ್". ಕಂಪ್ಯೂಟರ್‌ಗೆ ಗೊತ್ತಾಗದು. ಕೌಂಟರಿನಲ್ಲಿ ಹದಿನೈದು ವರ್ಷ ಕೂತವರಿಗೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಅವರಿಗೆ ಕಾಫಿ ಕೊಡಿಸಿ ಕೂರಿಸಿ.

ಹೋಗುವುದಾದರೆ ಎಲ್ಲಿಗೆ?

ಬೇರೆ ಕಡೆ ಹೋಗುವವರಿಗೆ ಮೂರು ಜಾಗ ಹೇಳುತ್ತೇನೆ.

ಬರೀ ನಂಬರ್ ಹಂಚಿಕೊಂಡರೆ ಸಾಕು ಅನ್ನುವವರಿಗೆ ಕಾರ್ಡ್‌ಡ್ಯಾವ್ (ವಿಳಾಸ ಪುಸ್ತಕ ಹಂಚಿಕೊಳ್ಳುವ ಪದ್ಧತಿ) ಚೆನ್ನಾಗಿದೆ. ಆಫೀಸಿನ ಎನ್‌ಎಎಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್) ಡಬ್ಬದಲ್ಲೋ, ನೆಕ್ಸ್ಟ್‌ಕ್ಲೌಡ್ ಅನ್ನುವ ಸಾಫ್ಟ್‌ವೇರ್‌ನಲ್ಲೋ ಒಂದು ವಿಳಾಸ ಪುಸ್ತಕ ಇಟ್ಟರೆ ಎಲ್ಲರ ಮೊಬೈಲಿನಲ್ಲೂ ಅದೇ ಕಾಣುತ್ತದೆ. ಐಫೋನಿನಲ್ಲಿ ಸೌಲಭ್ಯ ಒಳಗೇ ಇದೆ, ಆಂಡ್ರಾಯ್ಡ್‌ಗೆ ಡ್ಯಾವ್‌ಎಕ್ಸ್5 ಥರದ ಆಪ್ ಬೇಕು. ಟಿಪ್ಪಣಿಗೆ ಒಂದು ಜಾಗ ಇದೆ, ಮಾತುಕತೆಯ ಲೆಕ್ಕ ಇಡಲು ಇಲ್ಲ. ಮತ್ತೆ ಇದು ಎಲ್ಲರದೂ ಒಂದೇ ಪುಸ್ತಕ. ಕೆಲಸ ಬಿಟ್ಟು ಹೋಗುವ ಹುಡುಗ ತನ್ನ ಫೋನಿನಲ್ಲಿ ಇದ್ದದ್ದೆಲ್ಲ ಅಳಿಸಿದರೆ ಎಲ್ಲರ ಫೋನಿನಲ್ಲೂ ಅಳಿಯುತ್ತದೆ. ಹೆಚ್ಚಿನವರಿಗೆ ಓದುವ ಅನುಮತಿ ಮಾತ್ರ ಕೊಡಿ.

ಆನ್‌ಲೈನ್ ಸಿಆರ್‌ಎಂ, ಅಂದರೆ ಗಿರಾಕಿಗಳ ಮಾಹಿತಿ ಮತ್ತು ಮಾತುಕತೆ ನೋಡಿಕೊಳ್ಳುವ ಸಾಫ್ಟ್‌ವೇರ್, ನಿಜವಾದ ಬದಲಿ. ಜೋಹೊ ಸಿಆರ್‌ಎಂನಲ್ಲಿ ಮೂರು ಜನರವರೆಗೆ ಉಚಿತ. ಅದರ ಮೇಲೆ ತಲೆಗಿಷ್ಟು ಅಂತ ದುಡ್ಡು. ಸರ್ವರ್ ಡಬ್ಬದ ಚಿಂತೆ ಹೋಗುತ್ತದೆ, ಇಂಟರ್ನೆಟ್ ಚಿಂತೆ ಬರುತ್ತದೆ. ಹೆಚ್ಚಿನ ಸಿಆರ್‌ಎಂಗಳಲ್ಲಿ ಟಿಪ್ಪಣಿಗೆ ಬೇರೆ ಟೇಬಲ್ ಇರುತ್ತದೆ. ಮೊದಲು ಪಾರ್ಟಿಗಳನ್ನು ತುಂಬಿ, ಆಮೇಲೆ ಟಿಪ್ಪಣಿಗಳನ್ನು ತುಂಬಿ. ಹಾಗಾಗಿ ಹಳೆ ಪಾರ್ಟಿ ಸಂಖ್ಯೆಯನ್ನು ಒಂದು ಕಾಲಂನಲ್ಲಿ ಉಳಿಸಿಕೊಂಡಿರಬೇಕು. ಅದಿಲ್ಲದಿದ್ದರೆ ಯಾವ ಟಿಪ್ಪಣಿ ಯಾರದು ಅಂತ ಹೊಂದಿಸಲು ಆಗುವುದಿಲ್ಲ.

ಸ್ವಂತ ಸರ್ವರ್‌ನಲ್ಲೇ ಸೂಟ್‌ಸಿಆರ್‌ಎಂ ಥರದ್ದು ಹಾಕಿಕೊಳ್ಳುವುದು ಮೂರನೆಯದು. ಉಚಿತ. ಆದರೆ ನೋಡಿಕೊಳ್ಳುವವರು ಒಬ್ಬರು ಆಫೀಸಿನಲ್ಲೇ ಇರಬೇಕು. ಇಲ್ಲದಿದ್ದರೆ ನನ್ನಂಥವರಿಗೆ ಪ್ರತಿ ತಿಂಗಳು ಫೋನ್.

ಇನ್ನು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಹಾಕಿ ಎಲ್ಲರೂ ಒಂದೇ ಲಾಗಿನ್ ಬಳಸುತ್ತೇವೆ ಅನ್ನುವವರು ಇದ್ದಾರೆ. ಒಂದು ಸಲಕ್ಕೆ 3000 ಹೆಸರು ಮಾತ್ರ ತುಂಬಬಹುದು ಅನ್ನುವುದು ಸಣ್ಣ ತೊಂದರೆ. ಯಾರು ಏನು ಬದಲಿಸಿದರು ಅಂತ ಎಂದೂ ಗೊತ್ತಾಗುವುದಿಲ್ಲ ಅನ್ನುವುದು ದೊಡ್ಡದು. ನಾನಂತೂ ಬೇಡ ಅನ್ನುತ್ತೇನೆ.

ದಾವಣಗೆರೆಯ ಅಂಗಡಿಗೆ ನಾನು ಹೇಳಿದ್ದು ಬ್ಯಾಕಪ್ ದಾರಿ, ಸದ್ಯಕ್ಕೆ ಅದೇ ಸಾಫ್ಟ್‌ವೇರ್. ಏಳು ಕಂಪ್ಯೂಟರ್‌ಗೆ ದುಬಾರಿ ಸರ್ವರ್ ವಿಂಡೋಸ್ ಕೂಡ ಬೇಕಿರಲಿಲ್ಲ. ಮಾಮೂಲಿ ವಿಂಡೋಸ್ ಪ್ರೋ ಒಂದೇ ಸಲಕ್ಕೆ 20 ಯಂತ್ರಗಳವರೆಗೆ ಒಳಗೆ ಬಿಡುತ್ತದೆ. ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್‌ನಲ್ಲಿ ತಾನಾಗಿ ಬ್ಯಾಕಪ್ ತೆಗೆಯುವ ಏಜೆಂಟ್ ಇಲ್ಲ. ಹಾಗಾಗಿ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ಗೆ ಒಂದು ಸಣ್ಣ ಸ್ಕ್ರಿಪ್ಟ್ ಕಟ್ಟಿ, ರಾತ್ರಿ ಒಂಬತ್ತಕ್ಕೆ ಬ್ಯಾಕಪ್ ಆಗುವ ಹಾಗೆ ಮಾಡಿದೆ.

ದಿನ ಮತ್ತು ಹಳೆ ಡಬ್ಬ

ಆಯುಧಪೂಜೆ ರಜೆಯಲ್ಲಿ ಮಾಡೋಣ ಅಂದೆ. ಯಜಮಾನರು ಒಪ್ಪಲಿಲ್ಲ. ಪೂಜೆ ಮಾಡಿದ ಯಂತ್ರವನ್ನು ಅವತ್ತು ಮುಟ್ಟುವುದುಂಟೇ? ಸರಿ, ಅದರ ಹಿಂದಿನ ಭಾನುವಾರ ಆಯಿತು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ಹನ್ನೊಂದಕ್ಕೆ ಡೇಟಾ ಮುಗಿಯಿತು. ಲಾಗಿನ್, ಫೈರ್‌ವಾಲ್, ಏಳು ಕಂಪ್ಯೂಟರ್ ಮುಗಿಯುವಾಗ ಸಂಜೆ ಐದು. ಸರಿ ಬಂದಿದೆಯಾ ಅಂತ ನೋಡಲು ಹಳೆಯದರಲ್ಲಿ ಒಟ್ಟು ಪಾರ್ಟಿ ಎಷ್ಟು, ಮಾತುಕತೆ ಎಷ್ಟು ಅಂತ ಎಣಿಸಿ ಬರೆದಿಟ್ಟಿದ್ದೆ. ಹೊಸದರಲ್ಲೂ ಅಷ್ಟೇ ಬಂತು. ಆಮೇಲೆ ಲೆಕ್ಕದ ಮೇಡಂ ತಾವು ಶನಿವಾರ ಸಂಜೆ ಕೊನೆಗೆ ಬರೆದದ್ದನ್ನು ಹುಡುಕಿದರು. ಇತ್ತು. ಹರಿಹರದವರದ್ದೂ ತೆರೆದು ನೋಡಿದೆವು.

ಹಳೆ ಡಬ್ಬದ ನೆಟ್‌ವರ್ಕ್ ಕೇಬಲ್ ಕಿತ್ತು, ಆಫ್ ಮಾಡಿ, ಒಂದು ತಿಂಗಳು ಅಲ್ಲೇ ಇರಲಿ ಅಂದೆ. ತಿಂಗಳಾದ ಮೇಲೆ ಗುಜರಿಯವನು ಬಂದ. ಕೊಡುವ ಮುಂಚೆ ಮುಚ್ಚಳ ಬಿಚ್ಚಿ ಡಿಸ್ಕ್ ಹೊರಗೆ ತೆಗೆದೆವು. ಅದರಲ್ಲಿ ಊರಿನ ಅರ್ಧ ಮೆಕ್ಯಾನಿಕ್‌ಗಳ ಬ್ಯಾಂಕ್ ಖಾತೆ ಸಂಖ್ಯೆ, ಯಾರ ಚೆಕ್ ಬೌನ್ಸ್ ಆಯಿತು ಅನ್ನುವುದು ಎಲ್ಲ ಇತ್ತು. ಗೋಡೌನಿನ ಹುಡುಗ ಡ್ರಿಲ್ಲಿಂಗ್ ಮಷೀನ್ ತಂದು ನಡುವೆ ಮೂರು ತೂತು ಕೊರೆದ. ಡಬ್ಬಕ್ಕೆ ಗುಜರಿಯವನು ನಾನೂರು ರೂಪಾಯಿ ಕೊಟ್ಟ. ಡಿಸ್ಕ್ ಈಗ ಯಜಮಾನರ ಮೇಜಿನ ಮೇಲೆ ಕಾಗದ ಹಾರದ ಹಾಗೆ ಕೂತಿದೆ.